ಸುಪ್ತಮನಸ್ಸು ಮತ್ತು ಆಧುನಿಕ ಕಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯ ಎತ್ತಿದ ಕೂಡಲೇ ಕಲಾಶಾಲೆಯ ಹುಡುಗರು, ಗ್ಯಾಲರಿಗೆ ಬಂದವರು, ಮಕ್ಕಳನ್ನು ಚಿತ್ರದ ಕ್ಲಾಸಿಗೆ ಸೇರಿಸಿರುವ ಅಪ್ಪ ಅಮ್ಮಂದಿರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಉತ್ತರಗಳಲ್ಲಿ ನನ್ನ ಒಲವು ಯಾವ ಕಡೆಗಿದೆ ಎಂಬುದನ್ನು ಮುಚ್ಚಿಟ್ಟಿಲ್ಲ. ಕೈ ಹಿಡಿತ ತಪ್ಪಿ ಓಡಿದಾಗ ಸಿಗುವುದು ಬರೀ ಸರಕು. ಅದರಲ್ಲಿ ಏನನ್ನು ಉಳಿಸಬೇಕು, ಏನನ್ನು ಅಳಿಸಬೇಕು ಎಂದು ಕಣ್ಣು ತೀರ್ಮಾನಿಸಿದ ಮೇಲೆಯೇ ಅದು ಚಿತ್ರವಾಗುವುದು.

ಸುಪ್ತಮನಸ್ಸು ಎಂದರೆ ಇಲ್ಲಿ ಏನೆಂದು ತಿಳಿಯಬೇಕು?

ನಮಗೇ ಗೊತ್ತಾಗದಂತೆ ನಮ್ಮೊಳಗೆ ಕೆಲಸ ಮಾಡುತ್ತಿರುವ ಆಸೆ, ಭಯ, ನೆನಪುಗಳ ಪಾಲು. ವಿಯೆನ್ನಾದ ಮನೋವೈದ್ಯ ಫ್ರಾಯ್ಡ್ ಪ್ರಕಾರ ಅಲ್ಲಿರುವುದು ಬಹುಮಟ್ಟಿಗೆ ನಾವೇ ಅದುಮಿಟ್ಟದ್ದು. ಕನಸಿನಲ್ಲಿ, ಬಾಯಿತಪ್ಪಿ ಆಡಿದ ಮಾತಿನಲ್ಲಿ ಅದು ವೇಷ ಹಾಕಿಕೊಂಡು ಹೊರಬರುತ್ತದೆ. ಸ್ವಿಸ್ ಮನೋವೈದ್ಯ ಯೂಂಗ್ ಇದರ ಕೆಳಗೆ ಇನ್ನೊಂದು ಪದರ ಕಂಡ: ಇಡೀ ಮನುಕುಲಕ್ಕೆ ಸೇರಿದ, ಪುರಾಣಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಆಕೃತಿಗಳ ಪದರ. ಪ್ಯಾರಿಸ್‌ನ ಕಲಾವಿದರು ಫ್ರಾಯ್ಡ್‌ನ ಬೆನ್ನುಹತ್ತಿದರು, ನ್ಯೂಯಾರ್ಕಿನವರಲ್ಲಿ ಹಲವರು ಯೂಂಗ್‌ನ ಬೆನ್ನುಹತ್ತಿದರು. ಈ ಪುಟಕ್ಕೆ ಇಷ್ಟು ಸಾಕು.

ಮನೋವೈದ್ಯರ ಮಾತು ಕಲಾವಿದರ ಕಿವಿಗೆ ಬಿದ್ದದ್ದು ಹೇಗೆ?

ಯುದ್ಧದ ಮೂಲಕ. ಮೊದಲ ಮಹಾಯುದ್ಧದ ಕಾಲದಲ್ಲಿ ಆಂದ್ರೆ ಬ್ರೆತೋಂ ವೈದ್ಯಕೀಯ ಓದುತ್ತಿದ್ದ ಹುಡುಗ. 1916ರಲ್ಲಿ ಅವನನ್ನು ಸೇಂ-ದಿಜಿಯೆ ಎಂಬ ಊರಿನ ಮಾನಸಿಕ ಚಿಕಿತ್ಸಾ ಕೇಂದ್ರಕ್ಕೆ ಹಾಕಿದರು. ಗುಂಡಿನ ಸದ್ದಿಗೆ ಮನಸ್ಸು ಚದುರಿಹೋದ ಸೈನಿಕರು ಅಲ್ಲಿಗೆ ಬರುತ್ತಿದ್ದರು. ಅವರ ಮಾತಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಚಿತ್ರಗಳು ಸಾಲುಗಟ್ಟಿ ಬರುವುದನ್ನು ಬ್ರೆತೋಂ ಕೇಳಿಸಿಕೊಂಡ. ಕವಿಯಾಗಿದ್ದ ಅವನಿಗೆ ಅದು ಬರೀ ಕಾಯಿಲೆಯ ಲಕ್ಷಣವಾಗಿ ಕೇಳಿಸಲಿಲ್ಲ. 1919ರಲ್ಲಿ ಗೆಳೆಯ ಫಿಲಿಪ್ ಸುಪೋ ಜೊತೆ ಕೂತು, ನಿಲ್ಲಿಸದೆ, ತಿದ್ದದೆ ಬರೆಯುವ ಪ್ರಯೋಗ ಮಾಡಿದ. 1924ರ ಅಕ್ಟೋಬರಿನಲ್ಲಿ ಅವನು ಬರೆದ ಸರ್ರಿಯಲಿಸಂನ, ಅಂದರೆ ಕನಸು ಮತ್ತು ಸುಪ್ತಮನಸ್ಸಿನಿಂದ ಕಲೆ ಹುಟ್ಟಿಸಲು ಹೊರಟ ಚಳವಳಿಯ, ಪ್ರಣಾಳಿಕೆ ಹೊರಬಂತು.

ಆ ಪ್ರಣಾಳಿಕೆಯಲ್ಲಿ ಅಡುಗೆ ಪುಸ್ತಕದ ಧಾಟಿಯಲ್ಲೇ ಬರೆಯುವ ವಿಧಾನ ಹೇಳಿದ್ದಾನೆ. ಮನಸ್ಸು ಒಳಮುಖವಾಗಲು ಅನುಕೂಲವಾದ ಜಾಗದಲ್ಲಿ ಕೂರಿ, ವಿಷಯ ಇಟ್ಟುಕೊಳ್ಳಬೇಡಿ, ಬರೆದದ್ದನ್ನು ಓದುವ ಆಸೆಯೂ ಹುಟ್ಟದಷ್ಟು ವೇಗವಾಗಿ ಬರೆಯಿರಿ. ಮಧ್ಯೆ ಎಲ್ಲಾದರೂ ಕಡಿದುಹೋದರೆ ಮುಂದಿನ ಪದ ಯಾವಾಗಲೂ 'ಎಲ್' ಅಕ್ಷರದಿಂದ ಶುರುವಾಗಲಿ. ಈ ಕೊನೆಯ ಸಲಹೆ ನನಗೆ ಬಹಳ ಇಷ್ಟ. ಹರಿವು ನಿಲ್ಲುತ್ತದೆ ಎಂದು ಗೊತ್ತಿದ್ದವನು, ನಿಂತಾಗ ಎಳೆಯಲು ಹಗ್ಗವನ್ನೂ ಕಟ್ಟಿಟ್ಟಿದ್ದಾನೆ.

ಫ್ರಾಯ್ಡ್‌ಗೆ ಇದೆಲ್ಲ ಹಿಡಿಸಿತ್ತೇ?

ಇಲ್ಲ. 1921ರಲ್ಲಿ ಬ್ರೆತೋಂ ವಿಯೆನ್ನಾಕ್ಕೆ ಹೋಗಿ ಅವನನ್ನು ಕಂಡು ನಿರಾಸೆಯಿಂದ ವಾಪಸಾದ. ಸರ್ರಿಯಲಿಸಂ ಎಂದರೇನು, ಅದಕ್ಕೆ ಏನು ಬೇಕು ಎಂಬುದು ತನಗೆ ಸ್ಪಷ್ಟವಾಗುತ್ತಿಲ್ಲ ಎಂದು 1932ರಲ್ಲಿ ಫ್ರಾಯ್ಡ್ ಅವನಿಗೇ ಪತ್ರ ಬರೆದ. ಪ್ರಾಚೀನ ಮೂರ್ತಿಗಳನ್ನು ಕೂಡಿಡುತ್ತಿದ್ದ ಮನುಷ್ಯನಿಗೆ ಹೊಸ ಕಲೆಯ ಗೊಡವೆ ಅಷ್ಟಾಗಿ ಇರಲಿಲ್ಲ.

1938ರ ಜುಲೈಯಲ್ಲಿ, ನಾಜಿಗಳಿಂದ ತಪ್ಪಿಸಿಕೊಂಡು ಲಂಡನ್ನಿಗೆ ಬಂದಿದ್ದ 82ರ ಫ್ರಾಯ್ಡ್‌ನನ್ನು ಸರ್ರಿಯಲಿಸ್ಟ್ ಚಿತ್ರಕಾರ ಸಾಲ್ವದೋರ್ ಡಾಲಿ ಭೇಟಿಯಾದ. ಕರೆದುಕೊಂಡು ಹೋದವನು ಲೇಖಕ ಸ್ಟೆಫಾನ್ ಸ್ವೈಗ್. ಮರುದಿನ ಫ್ರಾಯ್ಡ್ ಸ್ವೈಗ್‌ಗೆ ಬರೆದ ಪತ್ರ ತಮಾಷೆಯಾಗಿದೆ: ತನ್ನನ್ನು ಕುಲದೈವ ಮಾಡಿಕೊಂಡಿರುವ ಈ ಸರ್ರಿಯಲಿಸ್ಟರನ್ನು ಇದುವರೆಗೆ ಪೂರ್ತಿ ಹುಚ್ಚರೆಂದೇ ಎಣಿಸಿದ್ದೆ, ಮದ್ಯಸಾರದ ಲೆಕ್ಕದಲ್ಲಿ ಹೇಳುವುದಾದರೆ ಶೇಕಡ 95ರಷ್ಟು, ಈ ಸ್ಪೇನಿನ ಹುಡುಗನ ಕೈಚಳಕ ನೋಡಿ ಅಭಿಪ್ರಾಯ ಬದಲಿಸಬೇಕೇನೋ ಅನ್ನಿಸಿದೆ. ಹಳೆಯ ಮಹಾನ್ ಚಿತ್ರಗಳಲ್ಲಿ ತಾನು ಸುಪ್ತವಾದದ್ದನ್ನು ಹುಡುಕುತ್ತೇನೆ, ನಿಮ್ಮ ಚಿತ್ರಗಳಲ್ಲಿ ಪ್ರಜ್ಞಾಪೂರ್ವಕವಾದದ್ದನ್ನು ಹುಡುಕುತ್ತೇನೆ ಎಂದು ಫ್ರಾಯ್ಡ್ ತನಗೆ ಹೇಳಿದ ಎಂದು ಡಾಲಿಯೇ ಹೇಳಿಕೊಂಡಿದ್ದಾನೆ. ಡಾಲಿ ಹೇಳಿದ್ದನ್ನೆಲ್ಲ ನಂಬಬೇಕಿಲ್ಲ. ಆದರೂ ಈ ಮಾತು ತೂಕದ್ದು.

ಆಟೋಮ್ಯಾಟಿಸಂ ಅನ್ನುತ್ತಾರಲ್ಲ, ಅದನ್ನು ಚಿತ್ರದಲ್ಲಿ ಮಾಡುವುದು ಹೇಗೆ?

ಏನನ್ನು ಬಿಡಿಸುತ್ತೇನೆ ಎಂದು ಮೊದಲೇ ನಿರ್ಧರಿಸದೆ ಕೈಯನ್ನು ಓಡಲು ಬಿಡುವುದು. ಇದನ್ನು ಮೊದಲು ಗಟ್ಟಿಯಾಗಿ ಹಿಡಿದವನು ಆಂದ್ರೆ ಮಾಸೋಂ. ಯುದ್ಧದಲ್ಲಿ ಎದೆಗೆ ಗಾಯ ಮಾಡಿಕೊಂಡು ಬದುಕಿ ಬಂದವನು. 1923-24ರಿಂದ ಅವನು ಬಿಳಿ ಹಾಳೆಯ ಮೇಲೆ ಪೆನ್ನು ಇಂಕಿನಲ್ಲಿ ವೇಗವಾಗಿ ಗೆರೆ ಎಳೆಯುತ್ತಾ ಹೋದ. ಗೆರೆ ಸುತ್ತಿ ಸುಳಿದು ಒಂದೆಡೆ ಕೈಯ ಹಾಗೆ, ಒಂದೆಡೆ ಹಕ್ಕಿಯ ಹಾಗೆ, ಒಂದೆಡೆ ಮೊಲೆಯ ಹಾಗೆ ಕಾಣತೊಡಗುತ್ತದೆ. ಕಂಡದ್ದನ್ನು ಅವನು ಅಲ್ಲಲ್ಲೇ ಒಂದಿಷ್ಟು ಗಟ್ಟಿಮಾಡುತ್ತಾನೆ.

ಎಣ್ಣೆಬಣ್ಣದಲ್ಲಿ ಈ ವೇಗ ಸಿಗುವುದಿಲ್ಲ. ಕುಂಚ ಅದ್ದಬೇಕು, ಬಣ್ಣ ಕಲಸಬೇಕು, ಅಷ್ಟರಲ್ಲಿ ಬುದ್ಧಿ ಎಚ್ಚೆತ್ತು ಕೂತಿರುತ್ತದೆ. ಅದಕ್ಕೆ ಮಾಸೋಂ 1926ರ ಸುಮಾರಿಗೆ ಒಂದು ಉಪಾಯ ಕಂಡುಕೊಂಡ. ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಅಂಟನ್ನು ಅಲ್ಲಿ ಇಲ್ಲಿ ಸುರಿದು, ಮೇಲೆ ಮರಳು ಎರಚಿ, ಎತ್ತಿ ಒದರಿದ. ಅಂಟು ಇದ್ದಲ್ಲಿ ಮರಳು ನಿಂತಿತು. ಆ ಮರಳಿನ ಆಕಾರ ಏನನ್ನು ಹೋಲುತ್ತದೆಯೋ ಅದಕ್ಕೆ ತಕ್ಕಂತೆ ಗೆರೆ ಸೇರಿಸಿದ. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಮೋಮಾದ ಸಂಗ್ರಹದಲ್ಲಿರುವ 'ಮೀನುಗಳ ಕಾಳಗ' ಹೀಗೆ ಹುಟ್ಟಿದ್ದು: ಮರಳಿನ ನಡುವೆ ಹಲ್ಲು ಕಿರಿದ ಮೀನುಗಳು, ಅಲ್ಲಲ್ಲಿ ಕೆಂಪು. ಯುದ್ಧ ಕಂಡು ಬಂದವನ ಕಣ್ಣಿಗೆ ಮರಳಿನಲ್ಲಿ ಕಾಣಿಸಿದ್ದು ಕಾಳಗವೇ.

ಹಾಗಾದರೆ ತಲೆ ಖಾಲಿ ಮಾಡಿಕೊಂಡು ಗೀಚಿದರೆ ಸಾಕಲ್ಲ?

ಗೀಚಿ ನೋಡಿ. ಹತ್ತು ಹಾಳೆಯಾಗುವಷ್ಟರಲ್ಲಿ ಗೊತ್ತಾಗುತ್ತದೆ, ಬಿಟ್ಟ ಕೈ ಸ್ವತಂತ್ರವಾಗಿ ಓಡುವುದಕ್ಕಿಂತ ಹೆಚ್ಚಾಗಿ ರೂಢಿಯ ದಾರಿಯಲ್ಲೇ ಓಡುತ್ತದೆ: ಅದೇ ಸುರುಳಿ, ಅದೇ ಕಣ್ಣು, ಅದೇ ಎಲೆ. ಸುಪ್ತಮನಸ್ಸಿಗಿಂತ ಮೊದಲು ಎದುರಾಗುವುದು ಅಭ್ಯಾಸ.

ಮಾಸೋಂನ ಪಕ್ಕದ ಕೋಣೆಯಲ್ಲೇ ಕೆಲಸ ಮಾಡುತ್ತಿದ್ದ ಜೋನ್ ಮಿರೋ ಇದಕ್ಕೆ ಒಳ್ಳೆಯ ಉದಾಹರಣೆ. ಪ್ಯಾರಿಸ್‌ನ ಬ್ಲೋಮೆ ಬೀದಿಯ 45ನೇ ನಂಬರಿನ ಆ ದಿನಗಳಲ್ಲಿ ಹೊಟ್ಟೆಗಿಲ್ಲದೆ ಬಂದು ಮಲಗಿದಾಗ ಗೋಡೆಯ ಮೇಲೆ ಆಕಾರಗಳು ಕಾಣುತ್ತಿದ್ದವು, ಅವನ್ನು ಬರೆದಿಟ್ಟುಕೊಳ್ಳುತ್ತಿದ್ದೆ ಎಂದು ಅವನು ಹೇಳಿಕೊಂಡ. ಹಸಿವಿನ ಭ್ರಮೆಯ ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅವನ ಸ್ಕೆಚ್ ಪುಸ್ತಕಗಳಲ್ಲಿ ಎಚ್ಚರಿಕೆಯ ಪೂರ್ವಸಿದ್ಧತೆಯ ರೇಖಾಚಿತ್ರಗಳಿವೆ ಎಂಬುದನ್ನು ಹೇಳುವವರು ಕಡಿಮೆ. 1925ರ 'ಜಗತ್ತಿನ ಹುಟ್ಟು' ಚಿತ್ರ ಎರಡೂವರೆ ಮೀಟರ್ ಎತ್ತರದ್ದು. ಕ್ಯಾನ್ವಾಸಿಗೆ ಅಸ್ತರನ್ನು ಬೇಕೆಂದೇ ಏರುಪೇರಾಗಿ ಬಳಿದಿದ್ದಾನೆ, ಹಾಗಾಗಿ ಮೇಲೆ ಸುರಿದ ತೆಳು ಬಣ್ಣ ಕೆಲವೆಡೆ ಇಂಗಿದೆ, ಕೆಲವೆಡೆ ಮೇಲೇ ನಿಂತಿದೆ. ಅಷ್ಟು ತನ್ನಷ್ಟಕ್ಕೆ ಆದದ್ದು. ಆಮೇಲೆ ಒಂದು ಕಪ್ಪು ತ್ರಿಕೋನ, ಹಳದಿ ಬಾಲದ ಒಂದು ಕೆಂಪು ಗೋಲಿ, ಇಂಥ ಕೆಲವೇ ಆಕೃತಿಗಳನ್ನು ಅಳೆದು ತೂಗಿ ಇಟ್ಟಿದ್ದಾನೆ. ಮೊದಲ ಹಂತ ಮುಕ್ತ, ಎರಡನೆಯದು ಪೂರ್ತಿ ಲೆಕ್ಕಾಚಾರದ್ದು ಎಂದು ಮುಂದೆ ಅವನೇ ವಿವರಿಸಿದ.

ಇದನ್ನು ಮನೆಯಲ್ಲಿ ಮಾಡಿ ನೋಡಲು ಸುಲಭದ ದಾರಿ ಇದೆಯೇ?

ಇದೆ: ಉಜ್ಜುಚಿತ್ರ, ಫ್ರೆಂಚರ ಫ್ರೊಟಾಜ್. ಸರ್ರಿಯಲಿಸ್ಟ್ ಚಿತ್ರಕಾರ ಮ್ಯಾಕ್ಸ್ ಅರ್ನ್ಸ್ಟ್ ಹೇಳುವಂತೆ 1925ರ ಆಗಸ್ಟ್ 10ರಂದು, ಕಡಲ ತೀರದ ವಸತಿಗೃಹವೊಂದರಲ್ಲಿ, ಸವೆದು ನಾರು ಎದ್ದ ಮರದ ನೆಲವನ್ನು ನೋಡುತ್ತಾ ಕೂತಿದ್ದಾಗ ಇದು ಹೊಳೆಯಿತು. ಹಲಗೆಯ ಮೇಲೆ ಕಾಗದ ಇಟ್ಟು ಕಪ್ಪು ಸೀಸ ಉಜ್ಜಿದ. ಮರದ ಗೆರೆಗಳಲ್ಲಿ ಕಾಡು, ಕಡಲು, ಹಕ್ಕಿ ಕಂಡವು. ಮರುವರ್ಷ ಅಂಥ 34 ಚಿತ್ರಗಳ ಸಂಪುಟ ಪ್ರಕಟವಾಯಿತು. ಕಲೆಗಟ್ಟಿದ ಗೋಡೆಯನ್ನು ದಿಟ್ಟಿಸಿದರೆ ಬೆಟ್ಟ, ಯುದ್ಧ, ಮುಖಗಳು ಕಾಣುತ್ತವೆ ಎಂದು ಲಿಯೊನಾರ್ಡೊ ಶತಮಾನಗಳ ಹಿಂದೆಯೇ ಚಿತ್ರಕಾರರಿಗೆ ಬುದ್ಧಿ ಹೇಳಿದ್ದ. ಅರ್ನ್ಸ್ಟ್ ಅದನ್ನು ನೆನೆಯುತ್ತಾನೆ.

ನಿಮಗೆ ಬೇಕಾದದ್ದು ತೆಳು ಕಾಗದ ಮತ್ತು 6ಬಿ ಪೆನ್ಸಿಲ್, ಇಲ್ಲವೇ ಹೊದಿಕೆ ಸುಲಿದ ವ್ಯಾಕ್ಸ್ ಕ್ರೆಯಾನ್. ಬಿದಿರಿನ ಮೊರ, ಹಳೆಯ ಹಲಗೆ ಬಾಗಿಲು, ಒಣಗಿದ ತೇಗದ ಎಲೆ ಯಾವುದಾದರೂ ಆದೀತು. ಎಲೆಯಾದರೆ ಬೆನ್ನನ್ನು ಮೇಲೆ ಮಾಡಿ ಇಡಿ, ನರಗಳು ಉಬ್ಬಿರುವುದು ಆ ಕಡೆ. ಪೆನ್ಸಿಲ್ಲನ್ನು ಬರೆಯುವ ಹಾಗೆ ಹಿಡಿಯದೆ ಮಲಗಿಸಿ ಹಗುರವಾಗಿ ಉಜ್ಜಿ. ಕಾಗದ ಒಂದು ಕೂದಲೆಳೆ ಜಾರಿದರೂ ನರಗಳು ಎರಡೆರಡಾಗಿ ಮೂಡುತ್ತವೆ. ಕೆಟ್ಟಿತು ಎಂದು ಎಸೆಯಬೇಡಿ, ಎಷ್ಟೋ ಸಲ ಅದೇ ಒಳ್ಳೆಯ ಹಾಳೆಯಾಗಿರುತ್ತದೆ. ಆಮೇಲೆ ಹಾಳೆಯನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ನೋಡಿ. ಮೊರದ ಹೆಣಿಗೆ ಒಂದು ದಿಕ್ಕಿನಲ್ಲಿ ಬರೀ ಹೆಣಿಗೆ. ತಿರುಗಿಸಿದರೆ ಮೀನಿನ ಮೈ, ಹೆಂಚಿನ ಮಾಡು, ಉತ್ತ ಹೊಲ. ಏನೋ ಒಂದು ಕಂಡ ಮೇಲೆ ಮಾತ್ರ ಗೆರೆ ಸೇರಿಸಿ, ಬೇಡವಾದದ್ದನ್ನು ರಬ್ಬರಿನಿಂದ ಅಳಿಸಿ. ಮಕ್ಕಳು ಈ ಕೆಲಸದಲ್ಲಿ ದೊಡ್ಡವರಿಗಿಂತ ಚುರುಕು, ಆದರೆ ಅಳಿಸಲು ಒಪ್ಪುವುದಿಲ್ಲ.

ಡಾಲಿಯ ಕರಗುವ ಗಡಿಯಾರಗಳು ಕನಸಿನಲ್ಲಿ ಬಂದದ್ದೇ?

ತಟ್ಟೆಯಲ್ಲಿ ಮೆತ್ತಗಾಗಿದ್ದ ಕಮಂಬೇರ್ ಚೀಸನ್ನು ನೋಡಿ ಹೊಳೆದದ್ದು ಎಂದು ಅವನ ಕಥೆ. 1931ರ ಆ ಚಿತ್ರ ಎಲ್ಲರೂ ಊಹಿಸಿಕೊಳ್ಳುವಷ್ಟು ದೊಡ್ಡದಲ್ಲ, 24 ಸೆಂ.ಮೀ. ಎತ್ತರ, 33 ಸೆಂ.ಮೀ. ಅಗಲ. ಹಿಂದೆ ಕಾಣುವ ಬಂಡೆಗಳು ಅವನ ಊರಿನ ಕರಾವಳಿಯವು. ಡಾಲಿ ಕೈಯನ್ನು ಓಡಲು ಬಿಡುವವನೇ ಅಲ್ಲ. ಕಂಡ ಭ್ರಮೆಯನ್ನು ಫೋಟೊದಷ್ಟು ನಿಖರವಾಗಿ, ಸಣ್ಣ ಕುಂಚದಲ್ಲಿ ಬಿಡಿಸುವವನು. ಅವನ ಮೊದಲ ಹತ್ತು ವರ್ಷದ ಕೆಲಸಕ್ಕೆ ನಾನು ತಲೆಬಾಗುತ್ತೇನೆ. ಆಮೇಲಿನದು ಬಹುಪಾಲು ಮೀಸೆಯ ಜಾಹೀರಾತು.

ಬಣ್ಣ ಚೆಲ್ಲುತ್ತಿದ್ದ ಪೊಲಾಕ್‌ಗೆ ತಾನೇನು ಮಾಡುತ್ತಿದ್ದೇನೆಂದು ಗೊತ್ತಿತ್ತೇ?

ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್‌ನ ಎರಡು ಹೇಳಿಕೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಚಿತ್ರದೊಳಗೆ ಇರುವಾಗ ತಾನೇನು ಮಾಡುತ್ತಿದ್ದೇನೆ ಎಂಬ ಅರಿವು ತನಗಿರುವುದಿಲ್ಲ ಎಂದು 1947ರ ಸುಮಾರಿಗೆ ಬರೆದ. ಕೆಲವೇ ವರ್ಷಗಳಲ್ಲಿ, ಬಣ್ಣದ ಹರಿವು ತನ್ನ ಹತೋಟಿಯಲ್ಲಿರುತ್ತದೆ, ಇದರಲ್ಲಿ ಆಕಸ್ಮಿಕವೆಂಬುದಿಲ್ಲ ಎಂದ. ಜನ ಇದನ್ನು ವಿರೋಧಾಭಾಸ ಎನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ವರ್ಷಗಟ್ಟಲೆ ಕೈ ಪಳಗಿದ ಮೇಲೆ ಯೋಚಿಸದೆಯೂ ಹತೋಟಿ ಉಳಿಯುತ್ತದೆ, ಮದ್ದಳೆ ನುಡಿಸುವವರನ್ನು ಕೇಳಿ.

ಲಾಂಗ್ ಐಲೆಂಡಿನ ಸ್ಪ್ರಿಂಗ್ಸ್‌ನಲ್ಲಿ ಮನೆಯ ಹಿಂದಿನ ಕೊಟ್ಟಿಗೆಯೇ ಅವನ ಸ್ಟುಡಿಯೊ. ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಮನೆಗೆ ಬಳಿಯುವ ಎನಾಮಲ್ ಪೇಂಟನ್ನು ಕಡ್ಡಿಯಿಂದ, ಒಣಗಿ ಗಟ್ಟಿಯಾದ ಕುಂಚದಿಂದ ಸುತ್ತಲೂ ನಡೆಯುತ್ತಾ ತೊಟ್ಟಿಕ್ಕಿಸುತ್ತಿದ್ದ. ಕಡ್ಡಿ ಕ್ಯಾನ್ವಾಸಿಗೆ ತಾಗುವುದಿಲ್ಲ. ಗೆರೆಯ ದಪ್ಪ ನಿಂತಿರುವುದು ಬಣ್ಣ ಎಷ್ಟು ತೆಳುವಾಗಿದೆ, ಕೈ ಎಷ್ಟು ಎತ್ತರದಲ್ಲಿದೆ, ಎಷ್ಟು ಬೇಗ ಓಡುತ್ತಿದೆ ಎಂಬುದರ ಮೇಲೆ. ಮಧ್ಯೆ ಎಷ್ಟೋ ಹೊತ್ತು ಸುಮ್ಮನೆ ನಿಂತು ನೋಡುವುದೂ ಇತ್ತು. ದ್ರವ ಬಣ್ಣವನ್ನು ಹೀಗೆ ಸುರಿಯುವುದನ್ನು ಅವನು 1936ರಲ್ಲಿ ಮೆಕ್ಸಿಕೊದ ಚಿತ್ರಕಾರ ಸಿಕೇರೋಸ್ ನ್ಯೂಯಾರ್ಕಿನಲ್ಲಿ ನಡೆಸಿದ ಕಾರ್ಯಾಗಾರದಲ್ಲೇ ಕಂಡಿದ್ದ.

ಚಿತ್ರ ನೋಡಿ ಕಲಾವಿದನ ಮನಸ್ಸನ್ನು ಓದಬಹುದೇ?

ಬಹಳ ಹುಷಾರಾಗಿರಬೇಕಾದ ಜಾಗ ಇದು. ಪೊಲಾಕ್‌ನ ಕಥೆಯನ್ನೇ ಮುಂದುವರಿಸುತ್ತೇನೆ. ಕುಡಿತದ ಕಾಟಕ್ಕೆ 1939ರಲ್ಲಿ ಅವನು ಜೋಸೆಫ್ ಹೆಂಡರ್ಸನ್ ಎಂಬ ಯೂಂಗ್ ಪಂಥದ ವೈದ್ಯನ ಬಳಿ ಹೋದ. ಮಾತು ಕಡಿಮೆ, ಹಾಗಾಗಿ ರೇಖಾಚಿತ್ರಗಳನ್ನು ತಂದು ಮುಂದಿಡುತ್ತಿದ್ದ. ವೈದ್ಯ ಅವುಗಳಲ್ಲಿ ಹಾವು, ಚಂದ್ರ, ತಾಯಿ, ಬಲಿಪಶು ಎಂದು ಸಂಕೇತಗಳನ್ನು ಬಿಡಿಸುತ್ತಾ ಹೋದ. ಕುಡಿತ ಹಾಗೇ ಉಳಿಯಿತು. ಸಂಕೇತಗಳ ಸೆಳೆತಕ್ಕೆ ಸಿಕ್ಕಿ ಆ ಮನುಷ್ಯನ ಕಷ್ಟವನ್ನೂ ಕುಡಿತವನ್ನೂ ತಾನು ಸರಿಯಾಗಿ ವಿಚಾರಿಸಲಿಲ್ಲವಲ್ಲ ಎಂದು ಹೆಂಡರ್ಸನ್ನೇ ಮುಂದೆ ಒಪ್ಪಿಕೊಂಡ. 1970ರ ಸುಮಾರಿಗೆ ಅವನು ಆ 83 ರೇಖಾಚಿತ್ರಗಳನ್ನು ಮಾರಿದ್ದೂ ದೊಡ್ಡ ವಿವಾದವಾಯಿತು. ರೋಗಿಯ ಗುಟ್ಟು ಗ್ಯಾಲರಿಯ ಗೋಡೆಗೆ ಬಂತು.

ಹಾಗಾಗಿ, ಮಗು ಕಪ್ಪು ಬಣ್ಣ ಹೆಚ್ಚು ಬಳಸಿದೆ, ಏನೋ ತೊಂದರೆ ಇದೆಯೇ ಎಂದು ಕೇಳುವ ಅಮ್ಮಂದಿರಿಗೆ ನನ್ನ ಉತ್ತರ: ಮೊದಲು ಬಣ್ಣದ ಡಬ್ಬಿ ನೋಡಿ, ಬೇರೆ ಬಣ್ಣ ಮುಗಿದಿರಬಹುದು.

ಇದರಲ್ಲಿ ಹೆಂಗಸರು ಇರಲಿಲ್ಲವೇ?

ಇದ್ದರು. ಗಂಡಸರ ಚಿತ್ರಗಳಲ್ಲಿ ಕನಸಿನ ವಸ್ತುವಾಗಿ ಮಾತ್ರ ಅವರನ್ನು ನೋಡುವ ರೂಢಿ ಬಹಳ ಕಾಲ ನಡೆಯಿತು. ಮೆರೆಟ್ ಓಪನ್‌ಹೈಮ್ 1936ರಲ್ಲಿ ಅಂಗಡಿಯ ಸಾದಾ ಕಪ್, ಸಾಸರ್, ಚಮಚಕ್ಕೆ ಜಿಂಕೆಯ ತುಪ್ಪಳ ಹೊದಿಸಿದಳು. ತುಟಿಗೆ ಕೂದಲು ತಾಗುವ ಅಸಹ್ಯ ನೋಡುತ್ತಿದ್ದಂತೆಯೇ ಮೈಗೆ ಬರುತ್ತದೆ, ವಿವರಣೆ ಬೇಕಿಲ್ಲ. ಮೆಕ್ಸಿಕೊದ ಚಿತ್ರಕಾರ್ತಿ ಫ್ರಿಡಾ ಕಾಹ್ಲೊ ಮಾತ್ರ ತನಗೆ ಅಂಟಿಸಿದ ಸರ್ರಿಯಲಿಸ್ಟ್ ಚೀಟಿಯನ್ನು ಕಿತ್ತೆಸೆದಳು: ತಾನು ಕನಸನ್ನು ಬರೆದವಳಲ್ಲ, ತನ್ನ ವಾಸ್ತವವನ್ನು ಬರೆದವಳು ಎಂದಳು.

ನನ್ನ ಮಟ್ಟಿಗೆ ಇವರೆಲ್ಲರಲ್ಲಿ ಆಳಕ್ಕೆ ಇಳಿದವಳು ಶಿಲ್ಪಿ ಲೂಯಿಸ್ ಬೂರ್ಜ್ವಾ. 1951ರಲ್ಲಿ ತಂದೆ ಸತ್ತ ಮೇಲೆ ನ್ಯೂಯಾರ್ಕಿನಲ್ಲಿ ಮನೋವಿಶ್ಲೇಷಣೆಗೆ, ಅಂದರೆ ಫ್ರಾಯ್ಡ್ ಹುಟ್ಟುಹಾಕಿದ ಮಾತಿನ ಚಿಕಿತ್ಸೆಗೆ, ಹೋಗಲು ಶುರುಮಾಡಿ, ಮೂರು ದಶಕ ಆ ಹಾದಿ ಬಿಡಲಿಲ್ಲ. ಕನಸುಗಳನ್ನು, ಸಿಟ್ಟನ್ನು, ದಿನಸಿ ಪಟ್ಟಿಯನ್ನೂ ಬಿಡಿ ಹಾಳೆಗಳಲ್ಲಿ ಬರೆದಿಟ್ಟಳು. ಆದರೆ ಆಕೆ ಕೆತ್ತಿದ್ದು ಅಮೃತಶಿಲೆ, ಎರಕ ಹೊಯ್ದದ್ದು ಕಂಚು. ಒಂಬತ್ತು ಮೀಟರ್ ಮೀರುವ 'ಮಾಮಾಂ' (ಫ್ರೆಂಚಿನಲ್ಲಿ ಅಮ್ಮ) ಎಂಬ ಜೇಡದ ಶಿಲ್ಪವನ್ನು ಯಾರೂ ಮೈಮರೆತು ಮಾಡಲಾರರು. ಆ ಜೇಡ ಆಕೆಯ ತಾಯಿ. ಜೇಡ ಬಲೆ ನೇಯುವಂತೆ ನೂಲು ಹಿಡಿದು ಹಳೆಯ ಚಿತ್ರಗಂಬಳಿಗಳನ್ನು ದುರಸ್ತಿ ಮಾಡುವುದು ಮನೆಯ ಕಸುಬಾಗಿತ್ತು.

ಮನೋರೋಗ ಇದ್ದವರಿಗೇ ಇಂಥ ಕಲೆ ಒಲಿಯುತ್ತದೆಯೇ?

ಇಲ್ಲ. ಈ ನಂಬಿಕೆ ಅಪಾಯಕಾರಿ ಕೂಡ. ಹೈಡೆಲ್‌ಬರ್ಗಿನ ವೈದ್ಯ ಹಾನ್ಸ್ ಪ್ರಿನ್ಜ್‌ಹಾರ್ನ್ ಮಾನಸಿಕ ಆಸ್ಪತ್ರೆಗಳಿಂದ ರೋಗಿಗಳ ಸುಮಾರು 5,000 ಕೃತಿಗಳನ್ನು ಕೂಡಿಹಾಕಿ 1922ರಲ್ಲಿ ಪುಸ್ತಕ ತಂದ. ಅರ್ನ್ಸ್ಟ್ ಅದನ್ನು ಪ್ಯಾರಿಸ್‌ಗೆ ಒಯ್ದ, ಎಲ್ಲರೂ ಬೆರಗಾದರು. ಅದೇ ಸಂಗ್ರಹವನ್ನು ನಾಜಿಗಳು ಆಧುನಿಕ ಕಲೆಯನ್ನು ಹೀಯಾಳಿಸಲು ಬಳಸಿಕೊಂಡರು: ನೋಡಿ, ಹುಚ್ಚರೂ ಇವರೂ ಒಂದೇ ಎಂದು. ಆ ಪುಸ್ತಕದಲ್ಲಿ ಪ್ರಿನ್ಜ್‌ಹಾರ್ನ್ ಮೆಚ್ಚಿ ಬರೆದ ಫ್ರಾನ್ಜ್ ಕಾರ್ಲ್ ಬ್ಯೂಲರ್ ಎಂಬ ಕಮ್ಮಾರ ಕಲಾವಿದನನ್ನು 1940ರಲ್ಲಿ ನಾಜಿಗಳು ರೋಗಿಗಳ ಹತ್ಯಾ ಯೋಜನೆಯಲ್ಲಿ ಕೊಂದರು.

ನರಳಿಕೆ ಇದ್ದರೆ ವೈದ್ಯರ ಬಳಿ ಹೋಗಿ. ಔಷಧಿ ತೆಗೆದುಕೊಂಡರೆ ಕಲೆ ಹೋಗಿಬಿಡುತ್ತದೆ ಎಂದು ಹೇಳುವವರ ಮಾತು ಕೇಳಬೇಡಿ.

ಮೈಮೇಲೆ ಬರುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ ಗೆಳತಿಯರೊಂದಿಗೆ ಪ್ರೇತಾವಾಹನೆಯ ಕೂಟಗಳಲ್ಲಿ ಕೂತು ಪೆನ್ಸಿಲ್ ಓಡಿಸುತ್ತಿದ್ದಳು. 1906ರಿಂದ 1915ರವರೆಗೆ ದೇಗುಲಕ್ಕೆಂದು ಬರೆದ 193 ಚಿತ್ರಗಳಿಗೆ ಆಜ್ಞೆ ಹೊರಗಿನ ಶಕ್ತಿಗಳಿಂದ ಬಂತು ಎಂದು ನಂಬಿದ್ದಳು. ಬ್ರೆತೋಂ ಬಳಗ ಇದೇ ವಿಧಾನವನ್ನು ಎತ್ತಿಕೊಂಡು ದೆವ್ವವನ್ನು ಬಿಟ್ಟಿತು: ಬರುವುದು ಹೊರಗಿನಿಂದಲ್ಲ, ಒಳಗಿನಿಂದ ಎಂದಿತು. ದೈವ ಮೈಮೇಲೆ ಬರುವ ಆಚರಣೆಗಳಲ್ಲಿ ಊರು, ನೇಮ, ಪಾಡ್ದನ, ನಂಬಿಕೆ ಎಲ್ಲ ಇರುತ್ತದೆ. ಅದನ್ನು ಸ್ಟುಡಿಯೊದಲ್ಲಿ ಒಬ್ಬನೇ ಕೂತು ಗೀಚುವುದಕ್ಕೆ ಹೋಲಿಸಿದರೆ ಎರಡಕ್ಕೂ ಅನ್ಯಾಯ.

ಭಾರತದಲ್ಲಿ ಇಂಥದ್ದು ನಡೆಯಿತೇ?

ರವೀಂದ್ರನಾಥ ಟ್ಯಾಗೋರ್. ಅವರು ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳನ್ನು ಹಾಗೇ ಬಿಡುತ್ತಿರಲಿಲ್ಲ. ಕಾಟು ಹಾಕಿದ ಜಾಗಗಳನ್ನು ಒಂದಕ್ಕೊಂದು ಗೆರೆಯಿಂದ ಜೋಡಿಸುತ್ತಾ ಹೋದರೆ ಉದ್ದ ಕೊಕ್ಕಿನ ಹಕ್ಕಿಯೋ ಹೆಸರಿಲ್ಲದ ಪ್ರಾಣಿಯೋ ಮೂಡುತ್ತಿತ್ತು. 1924ರಲ್ಲಿ ಅರ್ಜೆಂಟೀನಾದಲ್ಲಿ ಲೇಖಕಿ ವಿಕ್ಟೋರಿಯಾ ಒಕಾಂಪೊಳ ಮನೆಯಲ್ಲಿ ಅವರು ಅತಿಥಿಯಾಗಿದ್ದಾಗ 'ಪೂರಬಿ' ಕವನ ಸಂಕಲನದ ಹಸ್ತಪ್ರತಿಯಲ್ಲಿ ಇದು ತುಂಬಿಕೊಂಡಿತು. ಆಕೆ ಅದನ್ನು ನೋಡಿ ಬೆರಗಾದಳು. 1930ರಲ್ಲಿ ಪ್ಯಾರಿಸ್‌ನ ಪಿಗಾಲ್ ಗ್ಯಾಲರಿಯಲ್ಲಿ ಅವರ ಮೊದಲ ಪ್ರದರ್ಶನ ಆಗಲು ಆಕೆಯೇ ಓಡಾಡಿದಳು. ಆಗ ಅವರಿಗೆ 69. ಕೊನೆಗೆ ಉಳಿದ ಚಿತ್ರಗಳು 2,000ಕ್ಕೂ ಹೆಚ್ಚು.

ಹಸ್ತಪ್ರತಿಯ ಆ ಕಾಟುಗಳು ಪಾಪಿಗಳು ಮುಕ್ತಿಗಾಗಿ ಮೊರೆಯಿಡುವಂತೆ ತಮ್ಮನ್ನು ಕೂಗುತ್ತಿದ್ದವು ಎಂದು ಅವರು ಬರೆದರು. ಅವರು ಹುಡುಕಿದ್ದು ಲಯ. ಯುರೋಪಿನ ವಿಮರ್ಶಕರು ಅದನ್ನು ಸುಪ್ತಮನಸ್ಸು ಎಂದು ಓದಿದರೆ ತಪ್ಪೇನಿಲ್ಲ, ಆದರೆ ಕವಿ ಪದ್ಯ ತಿದ್ದುವಾಗ, ಅಂದರೆ ಪೂರ್ತಿ ಎಚ್ಚರದಲ್ಲಿದ್ದಾಗ, ಈ ಪ್ರಾಣಿಗಳು ಹುಟ್ಟಿದವು ಎಂಬುದನ್ನು ಮರೆಯಬಾರದು. ಫ್ರಾಯ್ಡ್ ಭಾರತಕ್ಕೆ ತಡವಾಗಿ ಬಂದ ಎಂದೂ ಎಣಿಸಬೇಡಿ: ಗಿರೀಂದ್ರಶೇಖರ ಬೋಸ್ ಕಲ್ಕತ್ತೆಯಲ್ಲಿ ಮನೋವಿಶ್ಲೇಷಣೆಯ ಸಂಘ ಕಟ್ಟಿದ್ದು 1922ರಲ್ಲಿ. ಟ್ಯಾಗೋರರೇ 1926ರಲ್ಲಿ ವಿಯೆನ್ನಾದಲ್ಲಿ ಫ್ರಾಯ್ಡ್‌ನನ್ನು ಭೇಟಿಯಾಗಿದ್ದರು.

ವಿಜ್ಞಾನ ಇದನ್ನು ಒಪ್ಪುತ್ತದೆಯೇ?

ಅರ್ಧ. ಫ್ರಾಯ್ಡ್ ಹೇಳಿದ ಸುಪ್ತಮನಸ್ಸು ಮೆದುಳಿನ ಇಂಥ ಮೂಲೆಯಲ್ಲಿದೆ ಎಂದು ಯಾರೂ ತೋರಿಸಿಲ್ಲ. 2008ರಲ್ಲಿ ಆರು ಮಂದಿ ಜಾಝ್ ಪಿಯಾನೊ ವಾದಕರನ್ನು ಸ್ಕ್ಯಾನರಿನಲ್ಲಿ ಮಲಗಿಸಿ ನುಡಿಸಲು ಹೇಳಿದ ಅಧ್ಯಯನವೊಂದಿದೆ. ಸ್ಥಳದಲ್ಲೇ ಹುಟ್ಟಿಸಿಕೊಂಡು ನುಡಿಸುವಾಗ, ತನ್ನನ್ನು ತಾನೇ ಗಮನಿಸಿ ತಿದ್ದಿಕೊಳ್ಳುವ ಮುಂಭಾಗದ ಕೆಲವು ಪ್ರದೇಶಗಳ ಚಟುವಟಿಕೆ ತಗ್ಗಿತ್ತು. ಒಳಗಿನ ತಿದ್ದುಗಾರ ಹಿಂದೆ ಸರಿಯುತ್ತಾನೆ ಎಂಬ ಕಲಾವಿದರ ಮಾತಿಗೆ ಇದು ಹತ್ತಿರ. ಆದರೆ ಅವರೆಲ್ಲ ಪಳಗಿದ ವೃತ್ತಿಪರರು, ಮತ್ತು ಆರೇ ಮಂದಿ.

ಎಐ ಮಾಡುವ ಚಿತ್ರಗಳೂ ಕನಸಿನಂತಿವೆಯಲ್ಲ?

ಕಾಣುವುದು ಹಾಗೆ. ಯಂತ್ರಕ್ಕೆ ಅದುಮಿಟ್ಟುಕೊಳ್ಳಲು ಏನೂ ಇಲ್ಲ. ಅದು ಕೊಟ್ಟ ನೂರರಲ್ಲಿ ನೀವು ಯಾವುದನ್ನು ಉಳಿಸಿಕೊಂಡಿರಿ ಎಂದು ನೋಡಿದರೆ ನಿಮ್ಮ ಬಗ್ಗೆ ಏನಾದರೂ ತಿಳಿದೀತು.

ಇಂಥ ಚಿತ್ರಗಳನ್ನು ನೇರವಾಗಿ ಎಲ್ಲಿ ನೋಡಬಹುದು?

ಮಿರೋ, ಡಾಲಿ, ಪೊಲಾಕ್ ಮುಂತಾದವರ ಮುಖ್ಯ ಕೃತಿಗಳು ನ್ಯೂಯಾರ್ಕಿನ ಮೋಮಾದಲ್ಲಿವೆ. ಅಮೆರಿಕದಲ್ಲಿ ಮಕ್ಕಳಿರುವ ಓದುಗರು ಮುಂದಿನ ಸಲ ಹೋದಾಗ ಒಂದು ಮಧ್ಯಾಹ್ನ ಅದಕ್ಕೇ ಮೀಸಲಿಡಿ. ಟ್ಯಾಗೋರರ ಚಿತ್ರಗಳ ದೊಡ್ಡ ಸಂಗ್ರಹ ಶಾಂತಿನಿಕೇತನದಲ್ಲಿದೆ, ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲೂ ಇವೆ. ಅದರ ಬೆಂಗಳೂರು ಶಾಖೆ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿದೆ. ಗೋಡೆಯ ಮೇಲಿನ ಚಿತ್ರಗಳು ಬದಲಾಗುತ್ತಿರುತ್ತವೆ, ಟ್ಯಾಗೋರ್ ಇದ್ದಾರೆಯೇ ಎಂದು ವಿಚಾರಿಸಿಕೊಂಡು ಹೋಗಿ. ಸೋಮವಾರ ರಜೆ.